ನೀರು ಹಾಕಿದರೂ ಹುಲ್ಲುಹಾಸು ಒಣಗುತ್ತಿದೆಯಾ? ಗೊಣ್ಣೆ ಹುಳು ಪತ್ತೆ ಮಾಡುವುದು, ತಡೆಯುವುದು ಹೇಗೆ

ಮೈಸೂರಿನ ನಮ್ಮ ಮನೆ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಹುಲ್ಲುಹಾಸು ಇದೆ. ಕೆಲವು ವರ್ಷದ ಹಿಂದೆ ಆಗಸ್ಟ್‌ನಲ್ಲಿ, ಮಳೆ ಚೆನ್ನಾಗಿ ಬೀಳುತ್ತಿದ್ದಾಗಲೇ, ಅಲ್ಲಲ್ಲಿ ಹಳದಿ ತೇಪೆ ಕಾಣಿಸಿತು. ಯೂರಿಯಾ ಹಾಕಿದೆ. ಆಮೇಲೆ ಬೂಷ್ಟು ಅಂದುಕೊಂಡು ಶಿಲೀಂಧ್ರನಾಶಕ ಎರಡು ಸಲ ಹೊಡೆದೆ. ಏನೂ ಆಗಲಿಲ್ಲ. ಕೊನೆಗೆ ಜಗುಲಿ ಮೇಲೆ ಕೂತಿದ್ದ ಅಮ್ಮ ಹೇಳಿದರು: "ಗೊರವಂಕ ಸುಮ್ನೆ ಕೆದಕಲ್ಲ ಮಗಾ. ಒಳಗೇನೋ ಹುಳ ಇದೆ, ಮಣ್ಣು ತೆಗೆದು ನೋಡು." ಕುರ್ಪಿ ಹಾಕಿ ಒಂದು ತುಂಡು ಎತ್ತಿದೆ. ಬೇರೇ ಇರಲಿಲ್ಲ. ಬಿಳಿ ಹುಳುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ಇವೇ ಗೊಣ್ಣೆ ಹುಳು, ಮಣ್ಣಿನಲ್ಲಿ ಬೆಳೆಯುವ ದುಂಬಿಯ ಮರಿ.

ಆ ಐದು ನಿಮಿಷದ ಕೆಲಸವನ್ನು ಒಂದು ತಿಂಗಳು ಮೊದಲೇ ಮಾಡಿದ್ದರೆ ಅರ್ಧ ಹುಲ್ಲು ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡೋಣ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಔಷಧಿ ಕೊನೆಗೆ.

ಹುಲ್ಲು ಹಳದಿಯಾಗಿದೆ, ನೀರು ಕೊಟ್ಟರೂ ಚೇತರಿಸಿಕೊಳ್ಳುತ್ತಿಲ್ಲ

ಹಳದಿ ಕಂಡ ಕೂಡಲೇ ಹುಳು ಅನ್ನಬೇಡಿ. ಹುಲ್ಲು ಒಣಗಲು ಹತ್ತು ಕಾರಣ ಇರುತ್ತವೆ. ಸುಲಭವಾಗಿ ತಳ್ಳಿಹಾಕಬಹುದಾದವನ್ನು ಮೊದಲು ನೋಡಿ.

ಮೊದಲು ತೇಪೆಯ ಮಣ್ಣಿಗೆ ಬೆರಳು ಚುಚ್ಚಿ. ಎರಡು ಇಂಚು ಕೆಳಗೂ ಮಣ್ಣು ಒಣಗಿದ್ದರೆ ನೀರು ಅಲ್ಲಿಗೆ ತಲುಪುತ್ತಿಲ್ಲ. ಪೈಪ್ ಹಿಡಿದು ನೀರು ಹಾಕುವಾಗ ಮೂಲೆಗಳು ತಪ್ಪಿಹೋಗುವುದು ಸಾಮಾನ್ಯ. ಎರಡು ಮೂರು ದಿನ ಆ ಜಾಗಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಕೊಡಿ. ಹಸಿರು ತಿರುಗಿದರೆ ವಿಷಯ ಅಲ್ಲಿಗೆ ಮುಗಿಯಿತು. ಮಣ್ಣು ಒದ್ದೆಯಾಗಿದ್ದೂ ಹುಲ್ಲು ಬಾಡಿದ್ದರೆ ಮುಂದೆ ನೋಡಬೇಕು. ನೀರಿದೆ, ಕುಡಿಯಲು ಬೇರಿಲ್ಲ ಎನ್ನುವುದು ಗೊಣ್ಣೆ ಹುಳುವಿನ ಮೊದಲ ಸೂಚನೆ.

ಮನೆಯಲ್ಲಿ ಅಥವಾ ಬೀದಿಯಲ್ಲಿ ನಾಯಿ ಇದೆಯಾ? ನಾಯಿ ಮೂತ್ರದ ಕಲೆ ತಟ್ಟೆಯಷ್ಟು ಅಗಲ, ನಡುವೆ ಒಣಹುಲ್ಲು, ಸುತ್ತ ಕಡುಹಸಿರು ಉಂಗುರ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ನೀರು ಸುರಿದು ತೊಳೆದರೆ ಸಾಕು.

ಹೊಸ ಬಡಾವಣೆಯ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಕಟ್ಟಡದ ಕೆಲಸ ಮುಗಿದ ಮೇಲೆ ಉಳಿದ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಜಲ್ಲಿಯನ್ನು ಅಲ್ಲೇ ಮುಚ್ಚಿ, ಮೇಲೆ ನಾಲ್ಕು ಇಂಚು ಕೆಂಪು ಮಣ್ಣು ಹರಡಿ ಹುಲ್ಲು ಹಾಸಿರುತ್ತಾರೆ. ಬೇಸಿಗೆಯಲ್ಲಿ ಆ ಜಾಗ ಕಾದು ಹುಲ್ಲು ಸುಡುತ್ತದೆ. ತೆಳು ಕಬ್ಬಿಣದ ಸರಳನ್ನು ಚುಚ್ಚಿ ನೋಡಿ. ಒಂದೇ ಆಳದಲ್ಲಿ "ಟಣ್" ಎಂದು ತಡೆದರೆ ಕೆಳಗೆ ಕಲ್ಲಿದೆ. ಈ ತೇಪೆ ಪ್ರತಿ ವರ್ಷ ಅದೇ ಜಾಗದಲ್ಲಿ, ಬೇಸಿಗೆಯಲ್ಲೇ ಬರುತ್ತದೆ. ಗೊಣ್ಣೆ ಹುಳುವಿನ ತೇಪೆ ಕಾಣುವುದು ಮಳೆಗಾಲದ ನಡುವಿನಿಂದ ದಸರಾವರೆಗೆ. ಈ ಕಾಲದ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ತುಂಬಾ ಕೆಲಸಕ್ಕೆ ಬರುತ್ತದೆ.

ಬೂಷ್ಟು ರೋಗವಾದರೆ ಎಸಳಿನ ಮೇಲೇ ಗುರುತು ಇರುತ್ತದೆ. ಬೆಳಗ್ಗೆ ಇಬ್ಬನಿ ಇರುವಾಗ ಬಗ್ಗಿ ನೋಡಿ. ಎಸಳಿನ ಮೇಲೆ ಕಂದು ಚುಕ್ಕೆ, ಕೆಲವು ರೋಗಗಳಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಕಾಣುತ್ತದೆ. ಆದರೆ ಬೇರು ಗಟ್ಟಿಯಾಗಿರುತ್ತದೆ, ಎಳೆದರೆ ಹುಲ್ಲು ಸುಲಭವಾಗಿ ಬರುವುದಿಲ್ಲ. ನಾನು ಎಡವಿದ್ದು ಇಲ್ಲೇ. ಎಸಳು ನೋಡದೆ, ಹುಲ್ಲು ಎಳೆಯದೆ ಔಷಧಿ ಹೊಡೆದೆ.

ಗೆದ್ದಲಾದರೆ ಒಣ ದಿನಗಳಲ್ಲಿ ಬರುತ್ತದೆ. ಒಣಗಿದ ಎಸಳಿನ ಮೇಲೆ ತೆಳು ಮಣ್ಣಿನ ಹೊದಿಕೆ ಕಟ್ಟಿರುತ್ತದೆ. ಬೆರಳಿನಿಂದ ಉಜ್ಜಿದರೆ ಪುಡಿಯಾಗುತ್ತದೆ.

ಹುಲ್ಲು ಚಾಪೆಯಂತೆ ಎದ್ದು ಬರುತ್ತದೆ, ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ

ಇದು ಬಂದರೆ ಅನುಮಾನ ಬಹುಮಟ್ಟಿಗೆ ಖಚಿತ.

ಗೊಣ್ಣೆ ಹುಳು ಎಸಳನ್ನು ಮುಟ್ಟುವುದಿಲ್ಲ. ಮಣ್ಣಿನ ಮೇಲ್ಪದರದಲ್ಲೇ ಇದ್ದು ಬೇರನ್ನು ಕತ್ತರಿಸಿ ತಿನ್ನುತ್ತದೆ. ಬೇರು ಹೋದ ಹುಲ್ಲು ಮಣ್ಣಿಗೆ ಅಂಟಿಕೊಂಡಿರುವುದಿಲ್ಲ. ಹುಳು ಓಡಾಡಿದ ಮಣ್ಣು ಸಡಿಲವಾಗುವುದರಿಂದ ಕಾಲಿಟ್ಟರೆ ಹತ್ತಿಯ ಹಾಸಿಗೆ ತುಳಿದ ಹಾಗೆ ಅನ್ನಿಸುತ್ತದೆ. ಬರಿಗಾಲಲ್ಲಿ ನಡೆಯುವವರಿಗೆ ಇದು ಬೇಗ ಗೊತ್ತಾಗುತ್ತದೆ.

ಪರೀಕ್ಷೆ ಹೀಗೆ. ಪೂರ್ತಿ ಒಣಗಿದ ತೇಪೆಯ ನಡುವೆ ನೋಡಬೇಡಿ. ಅಲ್ಲಿ ತಿನ್ನಲು ಏನೂ ಉಳಿದಿಲ್ಲ, ಹುಳು ಆಗಲೇ ಪಕ್ಕಕ್ಕೆ ಹೋಗಿರುತ್ತದೆ. ಹಳದಿ ಮುಗಿದು ಹಸಿರು ಶುರುವಾಗುವ ಅಂಚಿನಲ್ಲಿ ಹುಲ್ಲನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಗಟ್ಟಿಯಾಗಿ ನಿಂತರೆ ಸರಿ. ಸುಮ್ನೆ ಎದ್ದು ಬಂದರೆ, ತಳ ತಿರುಗಿಸಿದಾಗ ಬೇರು ಮೊಂಡಾಗಿದ್ದರೆ, ಅಗೆಯುವ ಸಮಯ ಬಂತು.

ಅದೇ ಅಂಚಿನಲ್ಲಿ ಒಂದು ಚದರ ಅಡಿ ಗುರುತು ಹಾಕಿ. ಮೂರು ಕಡೆ ಕತ್ತರಿಸಿ, ಒಂದು ಕಡೆ ಬಿಡಿ. ಎರಡು ಮೂರು ಇಂಚು ಆಳಕ್ಕೆ ಸನಿಕೆ ತೂರಿಸಿ, ಪುಸ್ತಕದ ಹಾಳೆ ಮಗುಚಿದ ಹಾಗೆ ಹುಲ್ಲನ್ನು ಹಿಂದಕ್ಕೆ ಮಡಚಿ. ಕೆಳಗಿನ ಮಣ್ಣನ್ನು ನಾಲ್ಕು ಇಂಚಿನವರೆಗೆ ಕೈಯಲ್ಲಿ ಬಿಡಿಸಿ ಹಳೆ ಬಟ್ಟೆ ಅಥವಾ ಗೋಣಿಚೀಲದ ಮೇಲೆ ಹರಡಿ. ಮಡಚಿದ ತುಂಡಿನ ತಳವನ್ನೂ ನೋಡಿ, ಕೆಲವು ಹುಳು ಅಲ್ಲೇ ಅಂಟಿರುತ್ತವೆ. ಎಣಿಸಿ. ಎಣಿಸಿದ ಮೇಲೆ ಹುಲ್ಲನ್ನು ಮತ್ತೆ ಮುಚ್ಚಿ, ಕಾಲಿನಿಂದ ಒತ್ತಿ, ನೀರು ಹಾಕಿ. ಬೇರು ಉಳಿದಿದ್ದರೆ ಆ ತುಂಡು ಮತ್ತೆ ಹಿಡಿದುಕೊಳ್ಳುತ್ತದೆ.

ಒಂದೇ ಕಡೆ ನೋಡಿ ತೀರ್ಮಾನ ಮಾಡಬೇಡಿ. ಹುಳು ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ನಮ್ಮ ಹುಲ್ಲಿನಲ್ಲಿ ಬೀದಿಯ ಬೇವಿನ ಮರದ ಕಡೆ ತುಂಬಿತ್ತು, ಗೇಟಿನ ಕಡೆ ಒಂದೂ ಇರಲಿಲ್ಲ. ಸಣ್ಣ ಹುಲ್ಲುಹಾಸಿನಲ್ಲೂ ನಾಲ್ಕೈದು ಕಡೆ ನೋಡಿ.

ಗೊರವಂಕ, ಬೆಳ್ಳಕ್ಕಿ ಕೆದಕುತ್ತಿವೆ; ರಾತ್ರಿ ಯಾರೋ ಅಗೆದು ಹೋಗಿದ್ದಾರೆ

ಹಕ್ಕಿಗಳು ನಮಗಿಂತ ಮೊದಲು ಪತ್ತೆ ಮಾಡುತ್ತವೆ. ಗೊರವಂಕಗಳು ದಿನಾ ಅದೇ ಜಾಗಕ್ಕೆ ಬಂದು ಕೊಕ್ಕು ಚುಚ್ಚುತ್ತಿದ್ದರೆ, ಕೆಂಬೂತ ಅಥವಾ ಬೆಳ್ಳಕ್ಕಿ ಹುಲ್ಲಿನ ಮೇಲೆ ನಿಧಾನವಾಗಿ ನಡೆದಾಡುತ್ತಿದ್ದರೆ ಗಮನಿಸಿ. ರಾತ್ರಿ ಹೆಗ್ಗಣ, ಊರ ಹೊರಗಿನ ಮನೆಯಾದರೆ ಹಂದಿಯೂ ಹುಲ್ಲು ಮಗುಚಿ ಹಾಕುತ್ತದೆ.

ಹಕ್ಕಿಗಳನ್ನು ಓಡಿಸಬೇಡಿ, ಅವು ನಿಮ್ಮ ಕೆಲಸ ಮಾಡುತ್ತಿವೆ. ಹೆಗ್ಗಣ ಅಗೆಯಿತು ಅಂತ ಅದಕ್ಕೆ ಪಾಷಾಣ ಇಡುವುದು ಎರಡು ಪಟ್ಟು ತಪ್ಪು. ಹುಳು ಅಲ್ಲೇ ಉಳಿಯುತ್ತದೆ, ವಿಷ ತಿಂದು ಸತ್ತ ಹೆಗ್ಗಣವನ್ನು ಗೂಬೆಯೋ ಬೆಕ್ಕೋ ತಿನ್ನುತ್ತದೆ.

ಆದರೆ ಹಕ್ಕಿ ಬಂದ ಮಾತ್ರಕ್ಕೆ ಗೊಣ್ಣೆ ಹುಳು ಅಂತಲ್ಲ. ಮಳೆ ಬಿದ್ದ ಮರುದಿನ ಎರೆಹುಳುವಿಗಾಗಿಯೂ ಬರುತ್ತವೆ. ಎರೆಹುಳು ಇದ್ದರೆ ಹುಲ್ಲಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಗುಳಿಗೆ ಗುಡ್ಡೆ ಕಾಣುತ್ತದೆ. ಅದು ಒಳ್ಳೆಯ ಮಣ್ಣಿನ ಗುರುತು, ಅದಕ್ಕೆ ಏನೂ ಮಾಡಬೇಕಿಲ್ಲ.

ಹುಳು ಸಿಕ್ಕಿತು. ಆದರೆ ಇದು ಗೊಣ್ಣೆಯೇನಾ?

ಬೇರು ತಿನ್ನುವ ಗೊಣ್ಣೆ ಹುಳು ಕೆನೆಬಿಳಿ ಬಣ್ಣದ್ದು. ತಲೆ ಕಂದು ಬಣ್ಣ, ಗಟ್ಟಿ. ತಲೆಯ ಹಿಂದೆ ಮೂರು ಜೊತೆ ಕಾಲು. ಹಿಂಭಾಗ ದಪ್ಪ, ಒಳಗಿನ ಮಣ್ಣು ಕಾಣುವುದರಿಂದ ಕಪ್ಪಗಿರುತ್ತದೆ. ಮುಟ್ಟಿದರೆ ಅರ್ಧಚಂದ್ರದಂತೆ ಬಾಗುತ್ತದೆ. ಮಲೆನಾಡಿನ ಅಡಿಕೆ ತೋಟದವರು ಇದನ್ನೇ ಬೇರು ಹುಳು ಅನ್ನುತ್ತಾರೆ. ಅಡಿಕೆಗೆ ಬರುವುದು ಲ್ಯೂಕೋಫೋಲಿಸ್ ಜಾತಿಯದು. ಕಬ್ಬು, ಶೇಂಗಾ ಬೆಳೆಯುವ ಬಯಲು ಸೀಮೆಯಲ್ಲಿ ಹೊಲೊಟ್ರೈಕಿಯಾ ಜಾತಿ ಹೆಚ್ಚು. ನಿಮ್ಮ ಮನೆ ಇಂಥ ತೋಟ, ಹೊಲದ ಪಕ್ಕದಲ್ಲಿದ್ದರೆ ದುಂಬಿ ಅಲ್ಲಿಂದಲೇ ಹಾರಿ ಬಂದಿರಬಹುದು.

ಗೊಬ್ಬರದ ಗುಂಡಿಯಲ್ಲಿ, ಕುಂಡದ ಮಣ್ಣಿನಲ್ಲಿ ಸಿಗುವ ಹುಳು ಬೇರೆಯೇ ಇರಬಹುದು. ನೋಡಲು ಹಾಗೇ ಇದ್ದರೂ ಅದು ತಿನ್ನುವುದು ಕೊಳೆತ ಎಲೆ, ಸಗಣಿ. ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ಹುಳುವನ್ನು ಸಿಮೆಂಟ್ ನೆಲದ ಮೇಲೆ ಬಿಟ್ಟು ಒಂದು ನಿಮಿಷ ಕಾಯಿರಿ. ಬೆನ್ನ ಮೇಲೆ ಮಗುಚಿಕೊಂಡು, ಕಾಲು ಆಕಾಶಕ್ಕೆ ಮಾಡಿ ತೆವಳಿದರೆ ಅದು ಹೂದುಂಬಿಯ ಮರಿ. ಗೊಬ್ಬರ ಕಳಿಯಲು ನೆರವಾಗುತ್ತದೆ. ತಿಪ್ಪೆಗೆ ವಾಪಸ್ ಬಿಡಿ. ಪಕ್ಕಕ್ಕೆ ಮಲಗಿ ಬಾಗಿಕೊಂಡರೆ, ಅಥವಾ ಕಾಲೂರಿ ಒದ್ದಾಡುತ್ತಾ ಸಾಗಿದರೆ ಬೇರು ತಿನ್ನುವ ಗೊಣ್ಣೆ ಇರಬಹುದು ಎಂದು ಭಾವಿಸಿ. ತಿಪ್ಪೆಯಲ್ಲಿ ಹೆಬ್ಬೆರಳಿಗಿಂತ ದಪ್ಪ ಹುಳು ಸಿಕ್ಕರೆ ಅದು ತೆಂಗಿಗೆ ಬರುವ ಕೊಂಬಿನ ದುಂಬಿಯ ಮರಿ ಇರಬಹುದು. ಅದು ಹುಲ್ಲಿಗೆ ತೊಂದರೆ ಕೊಡುವುದಿಲ್ಲ, ಆದರೆ ತೆಂಗಿನ ಮರ ಇದ್ದವರು ಬಿಡಬಾರದು.

ಕಂದು ಅಥವಾ ಹಸಿರು ಮಿಶ್ರಿತ ಬೂದು ಬಣ್ಣದ, ನಯವಾದ ಹುಳು ಸುರುಳಿ ಸುತ್ತಿದ್ದರೆ ಅದು ಕತ್ತರಿ ಹುಳು. ರಾತ್ರಿ ಮೇಲೆ ಬಂದು ಎಸಳು ಕತ್ತರಿಸುತ್ತದೆ. ಒಂದು ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಕಲಸಿ ಒಂದು ಚದರ ಗಜಕ್ಕೆ ಸುರಿದರೆ ಹತ್ತು ನಿಮಿಷದಲ್ಲಿ ಮೇಲೆ ಬರುತ್ತದೆ. ಗೊಣ್ಣೆ ಹುಳು ಸೋಪಿಗೆ ಮೇಲೆ ಬರುವುದಿಲ್ಲ. ಆದ್ದರಿಂದ ಸೋಪು ನೀರಿಗೆ ಏನೂ ಬರಲಿಲ್ಲ ಎಂದು ಸಮಾಧಾನ ಪಡಬೇಡಿ, ಅಗೆದೇ ನೋಡಬೇಕು.

ಎಷ್ಟು ಹುಳು ಇದ್ದರೆ ಚಿಂತೆ ಮಾಡಬೇಕು?

ಒಂದು ಚದರ ಅಡಿಗೆ ಒಂದೆರಡು ಹುಳು ಇದ್ದರೆ ಬಿಟ್ಟುಬಿಡಿ. ಚೆನ್ನಾಗಿ ಬೇರು ಬಿಟ್ಟ ಹುಲ್ಲು ಅಷ್ಟನ್ನು ತಾಳಿಕೊಳ್ಳುತ್ತದೆ. ಐದರ ಸುಮಾರಿಗೆ ಬಂದರೆ ಕೈ ಹಾಕಬೇಕು, ಅದರಲ್ಲೂ ಹುಲ್ಲು ಈಗಾಗಲೇ ಸೊರಗಿದ್ದರೆ. ಹತ್ತು ದಾಟಿದರೆ ತಡ ಮಾಡಬೇಡಿ. ನಮ್ಮ ಕಡೆಯ ಹೊಲೊಟ್ರೈಕಿಯಾ ಹುಳು ಬಲಿತಾಗ ಒಂದೂವರೆ ಇಂಚು ದಾಟುತ್ತದೆ. ಅಂಥ ದಪ್ಪ ಹುಳು ಮೂರು ನಾಲ್ಕೇ ಇದ್ದರೂ ಸಣ್ಣ ಹುಳು ಹತ್ತರಷ್ಟು ತಿನ್ನುತ್ತವೆ. ಹಾಗಾಗಿ ಎಣಿಕೆಯ ಜೊತೆಗೆ ಗಾತ್ರವನ್ನೂ ನೋಡಿ.

ಗಾತ್ರದಿಂದಲೇ ಮುಂದೇನು ಮಾಡಬೇಕು ಎಂಬುದೂ ತಿಳಿಯುತ್ತದೆ. ಈ ಹುಳುವಿಗೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಪೀಳಿಗೆ. ಮುಂಗಾರು ಪೂರ್ವ ಮಳೆಗೆ ದುಂಬಿ ಮಣ್ಣಿನಿಂದ ಎದ್ದು, ಕೂಡಿ, ಹಸಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಸುಮಾರು ಎರಡು ವಾರದಲ್ಲಿ ಮರಿ. ಜೂನ್, ಜುಲೈನಲ್ಲಿ ಸಣ್ಣದಾಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೂರನೇ, ಅಂದರೆ ಕೊನೆಯ ಹಂತದ ದಪ್ಪ ಹುಳು. ಹಾಳು ಮಾಡುವುದೆಲ್ಲ ಆಗ. ಆಮೇಲೆ ಆಳಕ್ಕಿಳಿದು ಕೋಶವಾಗಿ, ದುಂಬಿಯಾಗಿ, ಮುಂದಿನ ಮಳೆಯವರೆಗೆ ಮಣ್ಣಲ್ಲೇ ಕೂರುತ್ತದೆ.

ಅಂದರೆ ಕಣ್ಣಿಗೆ ಕಾಣುವ ಹೊತ್ತಿಗೆ ಹುಳು ಸಾಯಿಸಲು ಅತಿ ಕಷ್ಟದ ಹಂತದಲ್ಲಿರುತ್ತದೆ. ಸಾಯಿಸಲು ಸುಲಭವಾದ ಹೊತ್ತಿನಲ್ಲಿ ಹುಲ್ಲು ಹಸಿರಾಗಿಯೇ ಇರುತ್ತದೆ. ಒಮ್ಮೆ ಹುಳು ಬಿದ್ದ ಮನೆಯವರು ಮರುವರ್ಷ ಜುಲೈ ಮೊದಲ ವಾರ, ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ, ಹುಲ್ಲು ಚೆನ್ನಾಗಿದ್ದರೂ ಒಮ್ಮೆ ಅಗೆದು ನೋಡಲೇಬೇಕು.

ಸಣ್ಣ ಹುಳು ಸಿಕ್ಕಿದರೆ (ಜೂನ್ ಕೊನೆಯಿಂದ ಆಗಸ್ಟ್ ಮೊದಲ ಭಾಗ)

ಇದು ಒಳ್ಳೆಯ ಕಾಲ. ಜೈವಿಕ ವಿಧಾನಗಳು ಎಳೆ ಹುಳುವಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ, ಮಣ್ಣಲ್ಲಿ ತೇವವೂ ಇರುತ್ತದೆ.

ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿ ಸಿಗುತ್ತದೆ. ಚೆನ್ನಾಗಿ ಕಳಿತ, ಸೋಸಿದ ಕೊಟ್ಟಿಗೆ ಗೊಬ್ಬರಕ್ಕೆ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಹಿಂಡಿದರೆ ಉಂಡೆಯಾಗುವಷ್ಟು ತೇವ ಮಾಡಿ, ನೆರಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ಹತ್ತರಿಂದ ಹದಿನೈದು ದಿನ ಇಡಿ. ಆಮೇಲೆ ಸಂಜೆ ಹುಲ್ಲಿನ ಮೇಲೆ ತೆಳುವಾಗಿ ಹರಡಿ, ಕಸಬರಿಕೆಯಿಂದ ಬೇರಿನ ಬುಡಕ್ಕೆ ಇಳಿಸಿ, ನೀರು ಹಾಕಿ. ಸೋಂಕು ತಗುಲಿ ಸತ್ತ ಹುಳು ಗಟ್ಟಿಯಾಗಿ, ಮೈಮೇಲೆ ಹಸಿರು ಪುಡಿ ಬರುತ್ತದೆ. ಅಂಥದ್ದು ಸಿಕ್ಕರೆ ಎಸೆಯದೆ ಮಣ್ಣಲ್ಲೇ ಬಿಡಿ, ಬೇರೆ ಹುಳುವಿಗೂ ಹರಡುತ್ತದೆ. ಇದು ಶಿಲೀಂಧ್ರವಾದ್ದರಿಂದ ಹಾಕಿದ ಮೇಲೆ ಶಿಲೀಂಧ್ರನಾಶಕ ಹೊಡೆಯಬಾರದು.

ಇನ್ನೊಂದು, ಹುಳು ಕೊಲ್ಲುವ ಜಂತು. ಹೆಟೆರೊರ್‍ಯಾಬ್ಡಿಟಿಸ್ ಇಂಡಿಕಾ ಎಂದು ಹೆಸರು. ಕಣ್ಣಿಗೆ ಕಾಣದಷ್ಟು ಸಣ್ಣದು. ಹುಳುವಿನ ಒಳಗೆ ನುಗ್ಗಿ, ತನ್ನ ಜೊತೆ ತಂದ ಬ್ಯಾಕ್ಟೀರಿಯಾದಿಂದ ಅದನ್ನು ಸಾಯಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಇದನ್ನು ಪುಡಿ ರೂಪಕ್ಕೆ ತಂದು ಬೇರು ಹುಳುವಿಗೆ ಬಳಸುವ ವಿಧಾನ ಕೊಟ್ಟಿದೆ. ಸತ್ತ ಹುಳು ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗುವುದು ಇದರ ಗುರುತು.

ಇದು ಜೀವ ಇರುವ ವಸ್ತು ಎಂಬುದನ್ನು ಮರೆತವರಿಗೆ ಫಲ ಸಿಗುವುದಿಲ್ಲ. ಅವಧಿ ಮುಗಿದ ಪೊಟ್ಟಣ ತರಬೇಡಿ. ಬಿಸಿಲಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಮೊದಲು ಹುಲ್ಲಿಗೆ ನೀರು ಹಾಕಿ, ಸೂರ್ಯ ಇಳಿದ ಮೇಲೆ ಪುಡಿಯನ್ನು ನೀರಿಗೆ ಕಲಸಿ ರೋಸ್ ಕ್ಯಾನಿನಲ್ಲಿ (ತೂತಿನ ಮೂತಿಯ ನೀರಿನ ಡಬ್ಬಿ) ಸುರಿದು, ಮತ್ತೆ ನೀರು ಹಾಕಿ ಮಣ್ಣಿಗೆ ಇಳಿಸಿ. ಕಲಸಿದ ನೀರನ್ನು ನಾಳೆಗೆ ಇಡಬೇಡಿ. ಸ್ಪ್ರೇಯರ್ ಬಳಸಿದರೆ ಒಳಗಿನ ಜಾಲರಿ ತೆಗೆಯಿರಿ. ಮುಂದಿನ ಒಂದು ವಾರ ಹತ್ತು ದಿನ ಮಣ್ಣು ಒಣಗಬಾರದು.

ಬೇವಿನ ಹಿಂಡಿಯನ್ನೂ ನಾನು ಹಾಕುತ್ತೇನೆ, ಚದರ ಮೀಟರಿಗೆ ಒಂದು ಹಿಡಿ, ಸುಮಾರು 100 ಗ್ರಾಂ. ಅದೊಂದೇ ತುಂಬಿದ ಹುಳುವನ್ನು ನಿಲ್ಲಿಸುವುದಿಲ್ಲ. ಆದರೆ ಗೊಬ್ಬರವೂ ಆಗುತ್ತದೆ, ಎಳೆ ಮರಿಗೂ ಹಿಡಿಸುವುದಿಲ್ಲ.

ದಪ್ಪ ಹುಳು ಸಿಕ್ಕಿದರೆ (ಆಗಸ್ಟ್ ಕೊನೆಯಿಂದ ಅಕ್ಟೋಬರ್)

ಮನೆಯ ಹುಲ್ಲುಹಾಸಿಗೆ ಈ ಹಂತದಲ್ಲಿ ಕೈಯಿಂದ ಆರಿಸುವುದೇ ನನ್ನ ಮೊದಲ ಸಲಹೆ. ಬೇಸರದ ಕೆಲಸ, ನಿಜ. ಆದರೆ 300 ಚದರ ಅಡಿಯಲ್ಲಿ ಹಾಳಾದ ಭಾಗ ಎಷ್ಟಿರುತ್ತದೆ? ಬೇರಿಲ್ಲದ ಹುಲ್ಲು ಹೇಗೂ ಚಾಪೆಯಂತೆ ಸುತ್ತಿ ಬರುತ್ತದೆ. ಬೆಳಗ್ಗೆ ಸುತ್ತಿ ತೆಗೆಯಿರಿ, ಮಣ್ಣು ಕೆದಕಿ ಹುಳು ಆರಿಸಿ ಸೋಪು ನೀರಿನ ಬಕೆಟ್‌ಗೆ ಹಾಕಿ. ಒಂದೆರಡು ಗಂಟೆ ಮಣ್ಣನ್ನು ತೆರೆದಿಟ್ಟು ಒಳಗೆ ಹೋಗಿ. ಉಳಿದದ್ದನ್ನು ಗೊರವಂಕ ನೋಡಿಕೊಳ್ಳುತ್ತವೆ. ಹಸಿರಿರುವ ಅಂಚಿನಿಂದ ಆಚೆ ಒಂದು ಅಡಿವರೆಗೂ ಹುಡುಕಿ. ಇಬ್ಬರು ಕೂತರೆ ಒಂದು ಭಾನುವಾರದ ಬೆಳಗ್ಗೆ ಸಾಕು. ನಾವು ಹಾಗೇ ಮಾಡಿದೆವು.

ಆಮೇಲೆ ಮೇಲೆ ಹೇಳಿದ ಜಂತು ಹಾಕಬಹುದು. ಎಳೆ ಹುಳುವಿನಷ್ಟು ಬೇಗ ಸಾಯುವುದಿಲ್ಲ, ಎರಡು ಮೂರು ವಾರ ಬಿಟ್ಟು ಎರಡನೇ ಸಲ ಬೇಕಾಗಬಹುದು.

ಉಪ್ಪು, ಸೀಮೆಎಣ್ಣೆ, ಸುಣ್ಣದ ತಿಳಿ ಸುರಿಯಿರಿ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಉಪ್ಪು ಮತ್ತು ಸೀಮೆಎಣ್ಣೆ ಹುಲ್ಲನ್ನೇ ಕೊಲ್ಲುತ್ತವೆ, ಮಣ್ಣೂ ಕೆಡುತ್ತದೆ. ಅಮೆರಿಕದ ವಿಡಿಯೋ ನೋಡಿ "ಮಿಲ್ಕಿ ಸ್ಪೋರ್" ಹುಡುಕುವವರೂ ಇದ್ದಾರೆ. ಅದು ಅಲ್ಲಿನ ಜಪಾನಿ ದುಂಬಿಯ ಮರಿಗೆ ಮಾಡಿದ್ದು, ನಮ್ಮ ಹುಳುವಿಗಲ್ಲ.

ನವೆಂಬರ್ ನಂತರ ಗೊತ್ತಾದರೆ? ಹುಳು ಆಗಲೇ ಆಳಕ್ಕಿಳಿದಿರುತ್ತದೆ. ಆಗ ಏನು ಸುರಿದರೂ ದಂಡ. ಹುಲ್ಲು ಸರಿಪಡಿಸಿಕೊಂಡು ಏಪ್ರಿಲ್‌ಗೆ ತಯಾರಾಗಿ.

ಮೊದಲ ಮಳೆಯ ಸಂಜೆ ದೀಪಕ್ಕೆ, ಮರಕ್ಕೆ ದುಂಬಿ ಮುತ್ತುತ್ತಿವೆ

ತಡೆಯುವ ಕೆಲಸ ಶುರುವಾಗುವುದು ಇಲ್ಲಿಂದ. ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಉಪಾಯ ನನಗೆ ಗೊತ್ತಿಲ್ಲ.

ಅಶ್ವಿನಿ, ಭರಣಿ ಮಳೆ (ಏಪ್ರಿಲ್ ಮಧ್ಯದಿಂದ ಮೇ ಮೊದಲ ಭಾಗ) ಒಂದು ಹದ ಬಿದ್ದು ಮಣ್ಣು ನೆನೆದ ಮೇಲೆ, ಕತ್ತಲಾಗುತ್ತಿದ್ದಂತೆ ಕಂದು ದುಂಬಿಗಳು ನೆಲದಿಂದ ಏಳುತ್ತವೆ. ಏಳು ಗಂಟೆಯ ಸುಮಾರಿಗೆ ಟಾರ್ಚ್ ಹಿಡಿದು ಹೊರಗೆ ಬನ್ನಿ. ಬೇವು, ಜಾಲಿ, ಎಲಚಿ, ನುಗ್ಗೆ ಇವುಗಳಿಗೆ ಇಷ್ಟ. ಕೊಂಬೆಯ ತುಂಬ ಕೂತು ಎಲೆ ತಿನ್ನುತ್ತಾ, ಜೋಡಿಯಾಗಿ ನೇತಾಡುತ್ತಿರುತ್ತವೆ. ಮರದ ಕೆಳಗೆ ಹಳೆ ಬೆಡ್‌ಶೀಟ್ ಹಾಸಿ, ಉದ್ದನೆಯ ಬಿದಿರಿಗೆ ಕೊಕ್ಕೆ ಕಟ್ಟಿ ಕೊಂಬೆ ಅಲ್ಲಾಡಿಸಿ. ದಬದಬ ಬೀಳುತ್ತವೆ. ಆರಿಸಿ ಸೋಪು ನೀರಿಗೆ ಹಾಕಿ. ಒಂದು ಹೆಣ್ಣು ದುಂಬಿ ಹೋದರೆ ಅದು ಇಡಬೇಕಿದ್ದ ಹತ್ತಾರು ಮೊಟ್ಟೆ ಹೋದ ಹಾಗೆ.

ಮೊದಲ ಎರಡು ಮೂರು ವಾರ, ಮಳೆ ಬಂದ ಸಂಜೆಗಳಲ್ಲಿ ಬಿಡದೆ ಮಾಡಿ. ಒಂದು ಮನೆಯವರು ಮಾಡಿದರೆ ಅರ್ಧ ಫಲ, ಬೀದಿಯವರೆಲ್ಲ ಸೇರಿದರೆ ಪೂರ್ತಿ ಫಲ. ನಮ್ಮ ಬೀದಿಯಲ್ಲಿ ಈಗ ಮಕ್ಕಳು ಭರಣಿ ಮಳೆಗೆ ಕಾಯುತ್ತಾರೆ, ಯಾರ ಬಕೆಟ್‌ನಲ್ಲಿ ಜಾಸ್ತಿ ಎಂದು ಎಣಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಒಂದು ಎಚ್ಚರ: ಕರೆಂಟ್ ತಂತಿ ಹಾದುಹೋಗುವ ಮರದ ಹತ್ತಿರ ಉದ್ದನೆಯ ಕೋಲು ಹಿಡಿಯಬೇಡಿ. ಬಿದಿರು ಒದ್ದೆಯಾಗಿದ್ದರೆ ಕರೆಂಟ್ ಹೊಡೆಯುತ್ತದೆ. ಕಾಲಿಗೆ ಚಪ್ಪಲಿ, ಕೈಯಲ್ಲಿ ಟಾರ್ಚ್ ಇರಲಿ. ಮಳೆ ಬಿದ್ದ ಸಂಜೆ ಹಾವು, ಚೇಳು ಹೊರಗೆ ಬಂದಿರುತ್ತವೆ.

ಆ ದಿನಗಳಲ್ಲಿ ಹುಲ್ಲಿನ ಮೇಲೆ ಬೀಳುವ ಬಿಳಿ ದೀಪವನ್ನು ಏಳರಿಂದ ಒಂಬತ್ತರವರೆಗೆ ಆರಿಸಿ. ಇಲ್ಲವೇ ದೀಪದ ಕೆಳಗೆ ಸೋಪು ನೀರಿನ ಅಗಲವಾದ ಟಬ್ ಇಡಿ. ಉರಿಯಲು ಬಿಟ್ಟ ದೀಪ ದುಂಬಿಯನ್ನು ಕರೆದು ನಿಮ್ಮ ಹುಲ್ಲಿಗೇ ಇಳಿಸುತ್ತದೆ.

ಗೊಬ್ಬರದ ಬಗ್ಗೆಯೂ ಎಚ್ಚರ ಬೇಕು. ಅರ್ಧ ಕಳಿತ ತಿಪ್ಪೆ ಗೊಬ್ಬರ ಹುಲ್ಲಿಗೆ ಹಾಕಬೇಡಿ. ಅದರ ಜೊತೆ ಹುಳುವೂ ಬರಬಹುದು. ತಂದ ಗೊಬ್ಬರವನ್ನು ಬಿಸಿಲಿಗೆ ತೆಳುವಾಗಿ ಹರಡಿ, ಕೋಳಿ ಇದ್ದರೆ ಬಿಟ್ಟು, ಜರಡಿ ಹಿಡಿದು ಹಾಕಿ. ಹುಲ್ಲನ್ನು ಬೋಳು ಮಾಡಿದಂತೆ ಕತ್ತರಿಸಬೇಡಿ. ಎಸಳು ಉದ್ದ ಬಿಟ್ಟಷ್ಟೂ ಬೇರು ಆಳಕ್ಕೆ ಹೋಗುತ್ತದೆ, ಸ್ವಲ್ಪ ಹುಳು ಬಿದ್ದರೂ ತಡೆದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ನಿಲ್ಲುತ್ತಿಲ್ಲ: ಕೀಟನಾಶಕ ಮತ್ತು ಎಚ್ಚರಿಕೆ

ಇಲ್ಲಿ ನಿಲ್ಲಿ. ಅಂಗಡಿಗೆ ಹೋಗುವ ಮೊದಲು ಹುಳುವನ್ನು ಸ್ವಲ್ಪ ಮಣ್ಣಿನ ಜೊತೆ ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ತೋರಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಮ್ಮಲ್ಲಿ ಸಿಗುವ ಕೀಟನಾಶಕಗಳ ಮೇಲೆ ಸಾಮಾನ್ಯವಾಗಿ ಕಬ್ಬು, ಶೇಂಗಾ, ಭತ್ತದಂಥ ಬೆಳೆಗಳ ಪ್ರಮಾಣ ಬರೆದಿರುತ್ತದೆ, ಮನೆಯ ಹುಲ್ಲಿನದಲ್ಲ. ಹೊಲದ ಲೆಕ್ಕವನ್ನು ಅಂದಾಜಿನಲ್ಲಿ ಮನೆಯಂಗಳಕ್ಕೆ ಇಳಿಸುವುದು ಅಪಾಯ.

ಹಳಬರು ಫೋರೇಟ್ ಹರಳು ಹಾಕಿ ಎನ್ನಬಹುದು. 2020ರ ಕೊನೆಯಿಂದ ಭಾರತದಲ್ಲಿ ಅದನ್ನು ನಿಷೇಧಿಸಲಾಗಿದೆ. ಬಿಎಚ್‌ಸಿ ಪುಡಿ 1997ರಲ್ಲೇ ನಿಷೇಧವಾಯಿತು. ಮನೆಯ ಮೂಲೆಯಲ್ಲಿ ಹಳೆ ಪೊಟ್ಟಣ ಉಳಿದಿದ್ದರೆ ಮುಟ್ಟಬೇಡಿ, ಬಳಸಬೇಡಿ. ಮಕ್ಕಳು ಉರುಳಾಡುವ ಹುಲ್ಲಿಗೆ ಕ್ಲೋರ್‌ಪೈರಿಫಾಸ್ ಕೂಡ ಬೇಡ ಎನ್ನುವುದು ನನ್ನ ದೃಢ ಅಭಿಪ್ರಾಯ.

ಬಾಟಲಿಯ ಮೇಲಿನ ತ್ರಿಕೋನದ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಕೆಂಪು, ಹಳದಿ ತ್ರಿಕೋನದ್ದನ್ನು ಮನೆಗೆ ತರಲೇಬೇಡಿ.

ಇಮಿಡಾಕ್ಲೋಪ್ರಿಡ್ ಹಾಕಲು ಸಲಹೆ ಬಂದರೆ ಒಂದು ವಿಷಯ ಗಮನಿಸಿ. ಅದನ್ನು ಬೇರು ಹೀರಿಕೊಳ್ಳುತ್ತದೆ, ಎಲೆ ಹೂವಿಗೂ ಹೋಗುತ್ತದೆ. ಹುಲ್ಲಿನ ಅಂಚಿನಲ್ಲಿ ಕರಿಬೇವು, ತುಳಸಿ, ದೊಡ್ಡಪತ್ರೆ, ನುಗ್ಗೆ ಇದೆಯಾ? ಹಾಗಿದ್ದರೆ ಹಾಕಬೇಡಿ. ಹುಲ್ಲಿನ ನಡುವೆ ಕಳೆ ಹೂ ಬಿಟ್ಟಿದ್ದರೆ ಜೇನುನೊಣ ಬರುತ್ತದೆ, ಮೊದಲು ಕತ್ತರಿಸಿ. ಗಣೇಶ ಚೌತಿ ಬರುವುದು ಇದೇ ಕಾಲಕ್ಕೆ. ಔಷಧಿ ಬಿದ್ದ ಅಂಗಳದಿಂದ ಗರಿಕೆ ಕೀಳಬೇಡಿ, ಪಕ್ಕದ ಮನೆಯವರಿಗೂ ಹೇಳಿ. ಬೆಕ್ಕು, ನಾಯಿ ಗರಿಕೆ ತಿನ್ನುವುದುಂಟು, ಹಸು ಬಂದು ಮೇಯುವುದೂ ಉಂಟು.

ಬಾವಿ, ಸಂಪು, ಮಳೆನೀರು ಇಂಗುಗುಂಡಿಯ ಹತ್ತಿರ ಯಾವುದನ್ನೂ ಸುರಿಯಬೇಡಿ. ಜೋರು ಮಳೆಯ ಮೋಡ ಕಟ್ಟಿದ್ದರೆ ಆ ದಿನ ಬಿಡಿ. ಕೈಗವಸು, ಮಾಸ್ಕ್, ಬೂಟು, ತುಂಬು ತೋಳಿನ ಅಂಗಿ ಹಾಕಿ. ಅಡುಗೆಮನೆಯ ಲೋಟ, ಚಮಚದಲ್ಲಿ ಅಳೆಯಬೇಡಿ. ನೀರಿನ ಬಾಟಲಿಗೆ ಬಗ್ಗಿಸಿ ಇಡುವುದಂತೂ ಯಾವತ್ತೂ ಬೇಡ. ಹಾಕಿದ ಮೇಲೆ ತಲೆಸುತ್ತು, ವಾಂತಿ, ಕಣ್ಣು ಮಂಜು, ಜೊಲ್ಲು ಸುರಿಯುವುದು, ಉಸಿರಾಟಕ್ಕೆ ತೊಂದರೆ ಆದರೆ ಕಾಯಬೇಡಿ. ಬಟ್ಟೆ ತೆಗೆದು, ಸೋಪು ನೀರಿನಲ್ಲಿ ಮೈ ತೊಳೆದು, 108ಕ್ಕೆ ಕರೆ ಮಾಡಿ. ಬಾಟಲಿಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ವೈದ್ಯರು ಹೇಳದೆ ಬಲವಂತವಾಗಿ ವಾಂತಿ ಮಾಡಿಸಬೇಡಿ.

ಹುಳು ಹೋಯಿತು, ಬೋಳು ತೇಪೆ ಉಳಿಯಿತು

ಸತ್ತ ಹುಲ್ಲನ್ನು ಪೂರ್ತಿ ಕಿತ್ತು ತೆಗೆಯಿರಿ. ಮಣ್ಣು ಕೆದಕುವಾಗ ಇನ್ನೊಮ್ಮೆ ಹುಳುವಿಗೆ ಕಣ್ಣಾಡಿಸಿ. ಕೆಂಪು ಮಣ್ಣು, ಸೋಸಿದ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ ಮಟ್ಟ ಮಾಡಿ. ಚೆನ್ನಾಗಿರುವ ಕಡೆಯಿಂದ ಅಂಗೈಯಷ್ಟು ಅಗಲದ, ಬೇರು ಸಮೇತ ತುಂಡು ತಂದು ಗೇಣಿಗೊಂದರಂತೆ ನೆಟ್ಟು, ಕಾಲಿನಿಂದ ಒತ್ತಿ. ಮೊದಲ ಎರಡು ವಾರ ದಿನಾ ನೀರು ಬೇಕು.

ನಾಟಿ ಗರಿಕೆಯಾದರೆ ಒಂದೆರಡು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಮೆಕ್ಸಿಕನ್ ಅಥವಾ ಕೊರಿಯನ್ ಹುಲ್ಲು ನಿಧಾನ, ತಾಳ್ಮೆ ಬೇಕು. ಹೊಸ ಹುಲ್ಲಿನ ಚಾಪೆ ಕೊಂಡು ತರುವುದಾದರೆ ಲಾರಿಯಿಂದ ಇಳಿಸುವ ಮೊದಲೇ ನಾಲ್ಕೈದು ತುಂಡು ಮಗುಚಿ ತಳ ನೋಡಿ. ಬಿಳಿ ಹುಳು ಒಂದು ಕಂಡರೂ ವಾಪಸ್ ಕಳಿಸಿ.

ನಮ್ಮ ಮನೆಯ ತೇಪೆಗಳಿಗೆ ನಾವು ಗರಿಕೆಯನ್ನೇ ನೆಟ್ಟೆವು. ಸಂಕ್ರಾಂತಿ ಹೊತ್ತಿಗೆ ಅಂಚು ಕೂಡಿತ್ತು. ಈಗಲೂ ಜುಲೈ ಮೊದಲ ವಾರ ಬೇವಿನ ಮರದ ಕಡೆ ಒಂದು ಚದರ ಅಡಿ ಎತ್ತಿ ನೋಡುತ್ತೇನೆ. ಕಳೆದ ಸಲ ಒಂದೇ ಹುಳು ಇತ್ತು. ಮುಚ್ಚಿ, ಒತ್ತಿ, ನೀರು ಹಾಕಿ ಬಂದೆ.